ಲೀಮಾದಿಂದ ಇಕೀಕೆವರೆಗೆ: ಗೆಳೆಯರೊಡನೆ ಪೆಸಿಫಿಕ್ ಕರಾವಳಿಯಲ್ಲಿ ಬೆನ್ನುಚೀಲದ ಪ್ರಯಾಣ

ದಕ್ಷಿಣ ಅಮೆರಿಕದ ಕರಾವಳಿ ಎಂದೊಡನೆ ತೆಂಗಿನ ಸಾಲು, ಬೆಚ್ಚಗಿನ ನೀರು, ಹಸಿರು ಗುಡ್ಡಗಳನ್ನು ಕಲ್ಪಿಸಿಕೊಂಡವರು ಪೆರು ಮತ್ತು ಉತ್ತರ ಚಿಲಿಗೆ ಹೋದರೆ ಮೊದಲ ದಿನವೇ ತಬ್ಬಿಬ್ಬಾಗುತ್ತಾರೆ. ದಕ್ಷಿಣ ಧ್ರುವದ ಕಡೆಯಿಂದ ಹರಿದುಬರುವ ಹಂಬೋಲ್ಟ್ ಶೀತಪ್ರವಾಹವು ಇಲ್ಲಿನ ಕಡಲನ್ನು ತಣ್ಣಗಿಡುತ್ತದೆ. ತಣ್ಣನೆಯ ಕಡಲಿನ ಮೇಲಿನ ಗಾಳಿ ಮೇಲೇರಿ ಮಳೆಮೋಡವಾಗದೆ ಮಂಜಾಗಿಯೇ ಉಳಿಯುತ್ತದೆ. ಹೀಗಾಗಿ ಅಲೆಯ ಅಂಚಿನಿಂದಲೇ ಮರುಭೂಮಿ ಆರಂಭವಾಗುತ್ತದೆ. ಲೀಮಾದಿಂದ ಚಿಲಿಯ ಇಕೀಕೆವರೆಗಿನ 1,600 ಕಿ.ಮೀ.ಗೂ ಹೆಚ್ಚಿನ ಈ ದಾರಿಯಲ್ಲಿ ಊರುಗಳು ವಿರಳ, ಅವುಗಳ ನಡುವಿನ ದೂರ ಬಹಳ. ಆದ್ದರಿಂದ ಈ ಪ್ರಯಾಣದ ಯಶಸ್ಸು ಎಷ್ಟು ಊರು ನೋಡಿದಿರಿ ಎಂಬುದಕ್ಕಿಂತ ಎಷ್ಟು ಊರುಗಳನ್ನು ಧೈರ್ಯವಾಗಿ ಬಿಟ್ಟಿರಿ ಎಂಬುದನ್ನು ಅವಲಂಬಿಸಿದೆ. ಮೂರು ವಾರಗಳಿದ್ದರೆ ಲೀಮಾ, ಪರಾಕಾಸ್, ನಾಸ್ಕಾ, ಅರೆಕಿಪಾ, ಅರಿಕಾ, ಇಕೀಕೆ ಎಂಬ ಆರು ತಂಗುದಾಣಗಳು ಸಾಕು. ಎರಡೇ ವಾರವಿದ್ದರೆ ಅರೆಕಿಪಾದಲ್ಲಿ ಬಸ್ ಬದಲಿಸಿ ಮುಂದೆ ಸಾಗಿರಿ.

ಮೊದಲ ಹೆಜ್ಜೆ: ಕಾಲ ಮತ್ತು ಜೊತೆ

ಭೂಮಧ್ಯರೇಖೆಯ ಕೆಳಗಿನ ನಾಡಾದ್ದರಿಂದ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಬೇಸಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೀಮಾ ನಗರದ ಮೇಲೆ ಗರೂಆ ಎಂಬ ತೇವದ ಮಂಜು ಬೂದಿ ಬಣ್ಣದ ಹೊದಿಕೆಯಂತೆ ಬಿದ್ದಿರುತ್ತದೆ. ವಾರಗಟ್ಟಲೆ ಸೂರ್ಯ ಕಾಣದ ಆ ತಿಂಗಳುಗಳಲ್ಲಿ ಕಡಲತೀರಕ್ಕೆಂದು ಬಂದವರಿಗೆ ನಿರಾಶೆ ಖಂಡಿತ. ಜನವರಿ, ಫೆಬ್ರುವರಿಗಳಲ್ಲಿ ಬಿಸಿಲು ಧಾರಾಳವಾಗಿದ್ದರೂ ಚಿಲಿಯ ಶಾಲೆಗಳಿಗೆ ರಜೆ ಇರುವುದರಿಂದ ತೀರದ ಊರುಗಳ ಬಾಡಿಗೆ ಏರಿರುತ್ತದೆ. ಅದೇ ವೇಳೆಗೆ ಆಂಡೀಸ್ ಪರ್ವತದಲ್ಲಿ ಸುರಿಯುವ ಮಳೆಯಿಂದ ಒಣ ಕಣಿವೆಗಳಲ್ಲಿ ಕೆಸರಿನ ಪ್ರವಾಹ ನುಗ್ಗಿ ಹೆದ್ದಾರಿಯನ್ನು ಮುಚ್ಚುವುದೂ ಉಂಟು. ನವೆಂಬರ್‌ನ ಉತ್ತರಾರ್ಧ ಅಥವಾ ಮಾರ್ಚ್‌ನ ಕೊನೆ ಉತ್ತಮ ಎಂಬುದು ನನ್ನ ಅಭಿಪ್ರಾಯ. ಪೆರುವಿನ ಸ್ವಾತಂತ್ರ್ಯೋತ್ಸವದ ಜುಲೈ 28, 29 ಮತ್ತು ಚಿಲಿಯ ರಾಷ್ಟ್ರೀಯ ಹಬ್ಬದ ಸೆಪ್ಟೆಂಬರ್ 18, 19ರ ಆಸುಪಾಸಿನಲ್ಲಿ ಬಸ್ಸಿನಲ್ಲಿ ಸೀಟು ಸಿಗುವುದು ಕಷ್ಟ.

ಗುಂಪಿಗೆ ನಾಲ್ವರು ಸರಿಯಾದ ಸಂಖ್ಯೆ. ಹಾಸ್ಟೆಲುಗಳಲ್ಲಿ ನಾಲ್ಕು ಮಂಚದ ಕೊಠಡಿ ಪೂರ್ತಿಯಾಗಿ ನಿಮ್ಮದಾಗುತ್ತದೆ, ಒಂದು ಟ್ಯಾಕ್ಸಿ ಸಾಕಾಗುತ್ತದೆ, ರಾತ್ರಿ ಬಸ್ಸಿನಲ್ಲಿ ಎರಡು ಜೋಡಿಯಾಗಿ ಕೂರಬಹುದು. ಆರು ಜನರಾದರೆ ಪ್ರತಿಯೊಂದು ಊಟವೂ ಒಂದು ಸಭೆಯಾಗುತ್ತದೆ. ಹೊರಡುವ ಮುನ್ನ ಎಲ್ಲರೂ ಕೂತು ಮೂರು ವಿಷಯಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು: ದಿನದ ಖರ್ಚಿನ ಮಿತಿ, ರಾತ್ರಿ ಬಸ್ಸಿಗೆ ಯಾರಿಗಾದರೂ ಆಕ್ಷೇಪವಿದೆಯೇ, ಮತ್ತು ಒಬ್ಬರಿಗೆ ಕಾಯಿಲೆಯಾದರೆ ಉಳಿದವರು ನಿಲ್ಲುತ್ತಾರೋ ಮುಂದೆ ಸಾಗುತ್ತಾರೋ ಎಂಬುದು. ಮೂರನೆಯದನ್ನು ಕೇಳಲು ಎಲ್ಲರೂ ಸಂಕೋಚಪಡುತ್ತಾರೆ; ಆದರೆ ಅದನ್ನು ಮನೆಯಲ್ಲಿ ಮಾತಾಡಿ ಮುಗಿಸುವುದು ನಾಸ್ಕಾದ ಬಸ್ ನಿಲ್ದಾಣದಲ್ಲಿ ಮಾತಾಡುವುದಕ್ಕಿಂತ ಸುಲಭ.

ಎರಡನೆಯ ಹೆಜ್ಜೆ: ವೀಸಾ, ಲಸಿಕೆ, ಟಿಕೆಟ್

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಹೊಂದಿದ್ದು, ಅದರಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಭಾರತೀಯರಿಗೆ ಪೆರು ಪ್ರತ್ಯೇಕ ವೀಸಾ ಇಲ್ಲದೆ ಪ್ರವೇಶ ನೀಡುತ್ತ ಬಂದಿದೆ. ಚಿಲಿಯ ರಿಯಾಯಿತಿ ಇನ್ನೂ ಕಿರಿದಾದದ್ದು, ಅದು ಮುಖ್ಯವಾಗಿ ಅಮೆರಿಕದ ವೀಸಾವನ್ನು ಆಧರಿಸಿದ್ದು. ಗುಂಪಿನ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿ, ದೆಹಲಿಯಲ್ಲಿರುವ ಎರಡೂ ದೇಶಗಳ ರಾಯಭಾರ ಕಚೇರಿಗಳ ಸದ್ಯದ ನಿಯಮವನ್ನು ಓದಿ, ನಂತರವೇ ಟಿಕೆಟ್ ಕೊಳ್ಳಿರಿ. ನಾಲ್ವರಲ್ಲಿ ಒಬ್ಬರಿಗೆ ಚಿಲಿಯ ವೀಸಾ ಬೇಕಾಗಿದ್ದರೂ ಇಡೀ ಗುಂಪಿನ ದಿನಾಂಕ ಅದಕ್ಕೇ ಕಟ್ಟುಬೀಳುತ್ತದೆ. ನಡುವೆ ವಿಮಾನ ಬದಲಿಸುವ ದೇಶದ ಟ್ರಾನ್ಸಿಟ್ ನಿಯಮವೂ ಬೇರೆಯೇ ಇರುತ್ತದೆ. ಅಮೆರಿಕದ ಮೂಲಕ ಹೋಗುವುದಾದರೆ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಅಲ್ಲಿನ ವೀಸಾ ಕಡ್ಡಾಯ. ಲೀಮಾಕ್ಕೆ ಇಳಿದು, ಚಿಲಿಯ ರಾಜಧಾನಿ ಸಾಂತಿಯಾಗೋದಿಂದ ಹಿಂದಿರುಗುವಂತೆ ಮಲ್ಟಿ ಸಿಟಿ ಟಿಕೆಟ್ ಮಾಡಿಸಿದರೆ ಬಂದ ದಾರಿಯನ್ನೇ ಮತ್ತೆ ತುಳಿಯಬೇಕಾಗಿಲ್ಲ.

ಹಳದಿ ಜ್ವರದ ಲಸಿಕೆಯನ್ನು ಬಹಳಷ್ಟು ಮಂದಿ ಮರೆಯುತ್ತಾರೆ. ಪೆರುವಿನ ಕರಾವಳಿಯಲ್ಲಿ ಆ ರೋಗದ ಭಯವಿಲ್ಲ, ಅದು ಅಮೆಜಾನ್ ಕಾಡಿನ ಭಾಗದ್ದು. ಆದರೆ ಭಾರತ ಸರ್ಕಾರದ ಪಟ್ಟಿಯಲ್ಲಿ ಇಡೀ ಪೆರು ದೇಶವೇ ಸೇರಿರುವುದರಿಂದ, ಅಲ್ಲಿಂದ ಬಂದವರ ಬಳಿ ಲಸಿಕೆಯ ಪ್ರಮಾಣಪತ್ರವಿಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ, ನಿಗದಿತ ದಿನಗಳಂದು ಕೊಡುತ್ತಾರೆ. ಹಾಕಿಸಿಕೊಂಡ ಹತ್ತು ದಿನಗಳ ನಂತರ ಪ್ರಮಾಣಪತ್ರ ಊರ್ಜಿತವಾಗಿ ಜೀವಮಾನವಿಡೀ ಉಳಿಯುತ್ತದೆ. ಪ್ರಯಾಣಕ್ಕೆ ಒಂದು ತಿಂಗಳು ಇರುವಾಗಲೇ ಈ ಕೆಲಸ ಮುಗಿಸಿರಿ. ಪ್ರಮಾಣಪತ್ರವೆಂದು ಕೊಡುವ ಹಳದಿ ಪುಸ್ತಿಕೆಯಲ್ಲಿನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿರಿ.

ಮೂರನೆಯ ಹೆಜ್ಜೆ: ಚೀಲ ಮತ್ತು ಹಣ

ನಲವತ್ತು ಲೀಟರಿನ ಚೀಲ ಸಾಕು. ಮಳೆಯಂಗಿ ಬೇಡ, ಗಾಳಿ ತಡೆಯುವ ತೆಳು ಜಾಕೆಟ್, ಒಂದು ಸ್ವೆಟರ್, ಅಗಲ ಅಂಚಿನ ಟೊಪ್ಪಿಗೆ, ಸನ್‌ಸ್ಕ್ರೀನ್, ಮರಳು ನುಗ್ಗದ ಮುಚ್ಚಿದ ಬೂಟು ಬೇಕು. ನಮ್ಮ ಫೋನ್ ಚಾರ್ಜರಿನ ಎರಡು ಕಡ್ಡಿಯ ಪ್ಲಗ್ ಎರಡೂ ದೇಶಗಳ ಬಹುತೇಕ ಸಾಕೆಟ್‌ಗಳಲ್ಲಿ ಹಿಡಿಯುತ್ತದೆ, ಮೂರು ಕಡ್ಡಿಯ ದಪ್ಪ ಪ್ಲಗ್ ಹಿಡಿಯುವುದಿಲ್ಲ.

ಪೆರುವಿನಲ್ಲಿ ಸೋಲ್, ಚಿಲಿಯಲ್ಲಿ ಪೆಸೊ. ರೂಪಾಯಿಯನ್ನು ಬದಲಿಸುವವರು ದಾರಿಯಲ್ಲಿ ಸಿಗರು ಎಂದೇ ಭಾವಿಸಿ, ಕಲೆ, ಹರಕು ಇಲ್ಲದ ಅಮೆರಿಕನ್ ಡಾಲರ್ ನೋಟುಗಳನ್ನು ಒಯ್ಯಿರಿ. ಸ್ವಲ್ಪ ಹರಿದ ನೋಟನ್ನೂ ಪೆರುವಿನ ಅಂಗಡಿಯವರು ಮುಟ್ಟುವುದಿಲ್ಲ. ಖೋಟಾನೋಟಿನ ಹಾವಳಿ ಅಲ್ಲಿರುವುದರಿಂದ ಅವರು ನಿಮ್ಮ ನೋಟನ್ನು ಬೆಳಕಿಗೆ ಹಿಡಿದು ನೋಡಿದರೆ ಬೇಸರಿಸಬೇಡಿ, ನೀವೂ ಹಾಗೆಯೇ ನೋಡಿರಿ. ಗುಂಪಿಗೆ ಒಂದು ಸಾಮಾನ್ಯ ಕೈಗಂಟು ಇರಲಿ: ಪ್ರತಿ ಊರಿಗೆ ಬಂದಾಗ ಎಲ್ಲರೂ ಸಮನಾಗಿ ಹಾಕುವುದು, ಬಸ್, ಟ್ಯಾಕ್ಸಿ, ಕೊಠಡಿ, ಕುಡಿಯುವ ನೀರು ಅದರಿಂದ, ಊಟ, ಮದ್ಯ, ವಿಮಾನ ವಿಹಾರ ಅವರವರದು. ಸಸ್ಯಾಹಾರಿಯೊಬ್ಬರು ಉಳಿದವರ ಮೀನೂಟಕ್ಕೆ ಪಾಲು ಕೊಡುತ್ತ ಹೋದರೆ ಎರಡನೆಯ ವಾರದ ಹೊತ್ತಿಗೆ ಮುಖ ಬಾಡುತ್ತದೆ.

ಉಳಿತಾಯದ ಇನ್ನೊಂದು ದಾರಿಯಿದೆ. ಪೆರುವಿನ ಹೋಟೆಲುಗಳಲ್ಲಿ ವಿದೇಶಿ ಪ್ರವಾಸಿಗರಿಗೆ ಶೇ. 18ರ ಮಾರಾಟ ತೆರಿಗೆಯಿಂದ ವಿನಾಯಿತಿ ಇದೆ. ಪಾಸ್‌ಪೋರ್ಟ್ ಮತ್ತು ಪ್ರವೇಶದ ದಾಖಲೆ ತೋರಿಸಬೇಕು. ಚಿಲಿಯಲ್ಲಿ ನೋಂದಾಯಿತ ಹೋಟೆಲಿಗೆ ವಿದೇಶಿ ಹಣದಲ್ಲಿ ಪಾವತಿಸಿದರೆ ಶೇ. 19ರ ತೆರಿಗೆ ಬಿಡುತ್ತಾರೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ನಾಲ್ಕನೆಯ ಹೆಜ್ಜೆ: ಲೀಮಾದಿಂದ ಬಸ್ ಹಿಡಿಯುವುದು

ಲೀಮಾದಲ್ಲಿ ಎರಡು ರಾತ್ರಿ ತಂಗಿರಿ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಕಾಲಮಾನ ನಮಗಿಂತ ಹತ್ತೂವರೆ ಗಂಟೆ ಹಿಂದಿರುವುದರಿಂದ ಹಗಲು ರಾತ್ರಿ ತಲೆಕೆಳಗಾಗಿರುತ್ತದೆ. ಬಂಡೆಗೋಡೆಯ ಮೇಲೆ ಕಡಲಿಗೆ ಮುಖಮಾಡಿ ನಿಂತ ಮಿರಾಫ್ಲೋರೆಸ್ ಮತ್ತು ಅದರ ಪಕ್ಕದ ಬರ್ರಾಂಕೊ ಬಡಾವಣೆಗಳು ತಂಗಲು ಅನುಕೂಲ. ರಸ್ತೆಯಲ್ಲಿ ಕೈಬೀಸಿ ನಿಲ್ಲಿಸಿದ ಟ್ಯಾಕ್ಸಿಗಿಂತ ಆ್ಯಪ್ ಟ್ಯಾಕ್ಸಿ ಲೇಸು. ಒಳಗೆ ಕುಳಿತಾಗ ಫೋನನ್ನು ಕಿಟಕಿಯ ಬಳಿ ಹಿಡಿಯಬೇಡಿ.

ಬೆಂಗಳೂರಿನ ಮೆಜೆಸ್ಟಿಕ್‌ನಂತೆ ಎಲ್ಲ ಬಸ್ಸುಗಳೂ ಒಂದೆಡೆ ಸೇರುವ ಪದ್ಧತಿ ಲೀಮಾದಲ್ಲಿಲ್ಲ. ದೊಡ್ಡ ಕಂಪನಿಗಳು ತಮ್ಮ ತಮ್ಮ ನಿಲ್ದಾಣಗಳಿಂದಲೇ ಹೊರಡುತ್ತವೆ. ಆದ್ದರಿಂದ ಟಿಕೆಟಿನ ಮೇಲೆ ಕಂಪನಿಯ ಹೆಸರಷ್ಟೇ ಅಲ್ಲದೆ ನಿಲ್ದಾಣದ ವಿಳಾಸವನ್ನೂ ಓದಿ ಟ್ಯಾಕ್ಸಿ ಹತ್ತಬೇಕು. ದೂರದ ಬಸ್ಸುಗಳು ಎರಡು ಅಂತಸ್ತಿನವು. ಮೇಲಿನ ಅಂತಸ್ತಿನಲ್ಲಿ ಸುಮಾರು 140 ಡಿಗ್ರಿ ಒರಗುವ ಸೆಮಿಕಾಮಾ ಸೀಟು, ಕೆಳಗೆ 160 ಡಿಗ್ರಿಯ ಅಗಲವಾದ ಕಾಮಾ ಸೀಟು ಇರುವುದು ರೂಢಿ. ನಾಲ್ಕೈದು ಗಂಟೆಯ ಹಗಲಿನ ಪ್ರಯಾಣಕ್ಕೆ ಮೇಲಿನದೇ ಸಾಕು. ದಕ್ಷಿಣಕ್ಕೆ ಹೋಗುವಾಗ ಕಡಲು ಬಲಗಡೆ ಇರುತ್ತದೆ, ಬಲಬದಿಯ ಸೀಟನ್ನೇ ಕೇಳಿ ಪಡೆಯಿರಿ. ದೊಡ್ಡ ಚೀಲಕ್ಕೆ ಚೀಟಿ ಕೊಟ್ಟು ಕೆಳಗಿನ ಡಿಕ್ಕಿಗೆ ಹಾಕುತ್ತಾರೆ. ಪಾಸ್‌ಪೋರ್ಟ್, ಹಣ, ಔಷಧಗಳ ಚಿಕ್ಕ ಚೀಲ ತಲೆಯ ಮೇಲಿನ ಅಟ್ಟಕ್ಕೂ ಹೋಗದೆ, ಸೀಟಿನ ಕೆಳಕ್ಕೂ ಜಾರದೆ ಮಡಿಲಲ್ಲೇ ಇರಬೇಕು.

ಐದನೆಯ ಹೆಜ್ಜೆ: ಪರಾಕಾಸ್ ಮತ್ತು ಇಕಾ

ಲೀಮಾದಿಂದ ಸುಮಾರು 260 ಕಿ.ಮೀ. ದೂರದ ಪರಾಕಾಸ್‌ಗೆ ನಾಲ್ಕು ಗಂಟೆಯ ಹಾದಿ. ಇಲ್ಲಿ ದೋಣಿಯ ಕೆಲಸವೆಲ್ಲ ಬೆಳಗ್ಗೆಯೇ ಮುಗಿಯಬೇಕು, ಏಕೆಂದರೆ ಮಧ್ಯಾಹ್ನವಾದಂತೆ ಮರಳನ್ನು ಹೊತ್ತು ಬೀಸುವ ಗಾಳಿ ಜೋರಾಗುತ್ತದೆ. ಬಾಯೆಸ್ತಾಸ್ ದ್ವೀಪಗಳತ್ತ ಹೋಗುವ ದೋಣಿಯಿಂದ ಹಂಬೋಲ್ಟ್ ಪೆಂಗ್ವಿನ್, ಕಡಲಸಿಂಹ, ಪೆಲಿಕನ್ ಮತ್ತು ಬಂಡೆಯನ್ನೇ ಮುಚ್ಚುವಷ್ಟು ನೀರುಕಾಗೆಗಳನ್ನು ಕಾಣಬಹುದು. ದ್ವೀಪದ ಮೇಲೆ ಇಳಿಯಲು ಪ್ರವಾಸಿಗರಿಗೆ ಅವಕಾಶವಿಲ್ಲ. ಬಂಡೆಗಳ ಮೇಲೆ ಬೆಳ್ಳಗೆ ಕಾಣುವುದು ಗ್ವಾನೊ, ಅಂದರೆ ಹಕ್ಕಿಗಳ ಹಿಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಹೊಲಗಳಿಗೆ ಗೊಬ್ಬರವಾಗಿ ಹಡಗುಗಟ್ಟಲೆ ಸಾಗಿ ಪೆರುವಿನ ಬೊಕ್ಕಸ ತುಂಬಿಸಿದ ವಸ್ತು ಇದು. ಗೊಬ್ಬರದ ಈ ಕಥೆ ಮುಂದೆ ಅರಿಕಾ, ಇಕೀಕೆಗಳಲ್ಲಿ ಮತ್ತೆ ಎದುರಾಗುತ್ತದೆ.

ಮಧ್ಯಾಹ್ನಕ್ಕೆ 1975ರಲ್ಲಿ ಸ್ಥಾಪನೆಯಾದ ಪರಾಕಾಸ್ ರಾಷ್ಟ್ರೀಯ ಮೀಸಲು ಪ್ರದೇಶ ಇಟ್ಟುಕೊಳ್ಳಿರಿ. ಹಳೆಯ ಚಿತ್ರಗಳಲ್ಲಿ ಕಾಣುವ ಕತೆದ್ರಾಲ್ ಎಂಬ ಶಿಲಾಕಮಾನನ್ನು ಹುಡುಕಬೇಡಿ. 2007ರ ಆಗಸ್ಟ್ 15ರ ಭೂಕಂಪದಲ್ಲಿ ಅದು ಕುಸಿಯಿತು. ಸೈಕಲ್ ಬಾಡಿಗೆಗೆ ಸಿಗುತ್ತದೆ, ಆದರೆ ನೆರಳೆಂಬುದು ಎಲ್ಲೂ ಇಲ್ಲದ ಈ ಬಯಲಿನಲ್ಲಿ ತಲೆಗೆ ಎರಡು ಲೀಟರ್ ನೀರಿಲ್ಲದೆ ಹೊರಡಬಾರದು.

ಇಕಾ ಪಟ್ಟಣದ ಪಕ್ಕದ ಉವಾಕಾಚಿನಾ ಓಯಸಿಸ್‌ನಲ್ಲಿ ಮರಳುಗುಡ್ಡಗಳ ಮೇಲೆ ಬಗ್ಗಿ ವಾಹನದ ಸವಾರಿ ಮತ್ತು ಹಲಗೆಯ ಮೇಲೆ ಜಾರುವಾಟ ನಡೆಯುತ್ತದೆ. ಸಂಜೆಯ ಒಂದು ಸವಾರಿ ಸಾಕು. ರಾತ್ರಿ ತಂಗುವಷ್ಟು ಆ ಊರಿನಲ್ಲಿ ಏನೂ ಇಲ್ಲ, ಗದ್ದಲವೊಂದನ್ನು ಬಿಟ್ಟರೆ. ಸೀಟ್ ಬೆಲ್ಟ್ ಸರಿಯಿಲ್ಲದ ಬಗ್ಗಿಯನ್ನು ಹತ್ತಲೇಬೇಡಿ.

ಆರನೆಯ ಹೆಜ್ಜೆ: ನಾಸ್ಕಾ

ಮರುಭೂಮಿಯ ನೆಲದ ಮೇಲೆ ಪ್ರಾಚೀನರು ಬಿಡಿಸಿದ ಬೃಹತ್ ಚಿತ್ರಗಳೇ ನಾಸ್ಕಾ ರೇಖೆಗಳು; 1994ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಇವನ್ನು ನೋಡಲು ಎರಡು ದಾರಿ. ಸುಮಾರು ಅರ್ಧ ಗಂಟೆಯ ಚಿಕ್ಕ ವಿಮಾನದ ಹಾರಾಟ ದುಬಾರಿ. ಎರಡೂ ಬದಿಯವರಿಗೆ ಚಿತ್ರ ಕಾಣಲೆಂದು ವಿಮಾನ ಎಡಬಲಕ್ಕೆ ವಾಲುವುದರಿಂದ ಬೆಳಗಿನ ಉಪಾಹಾರವನ್ನು ಹಾರಾಟದ ನಂತರಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಇನ್ನೊಂದು, ಹೆದ್ದಾರಿಯ ಪಕ್ಕದ ವೀಕ್ಷಣಾ ಗೋಪುರ. ಬದುಕನ್ನೇ ಈ ರೇಖೆಗಳಿಗೆ ಮುಡಿಪಿಟ್ಟ ಜರ್ಮನ್ ಸಂಶೋಧಕಿ ಮರಿಯಾ ರೈಷೆ 1976ರಲ್ಲಿ ಕಟ್ಟಿಸಿದ ಈ ಗೋಪುರದಿಂದ ಮರ ಮತ್ತು ಕೈಗಳ ಚಿತ್ರಗಳು ಕಾಣುತ್ತವೆ. ಪ್ಯಾನ್ ಅಮೆರಿಕನ್ ಹೆದ್ದಾರಿಯು ಹಲ್ಲಿಯ ಚಿತ್ರವನ್ನು ಎರಡಾಗಿ ಸೀಳಿಕೊಂಡು ಹೋಗಿರುವುದೂ ಅಲ್ಲೇ ಗೊತ್ತಾಗುತ್ತದೆ. ಹಣದ ವಿಷಯದಲ್ಲಿ ಗುಂಪು ಒಡೆಯಬಹುದಾದ ಜಾಗ ಇದು. ಹಾರುವವರು ಹಾರಲಿ, ಉಳಿದವರು ಗೋಪುರಕ್ಕೆ ಹೋಗಲಿ.

ನನ್ನನ್ನು ಕೇಳಿದರೆ, ನಾಸ್ಕಾದಲ್ಲಿ ರೇಖೆಗಳಷ್ಟೇ ಮುಖ್ಯವಾದದ್ದು ಊರಿನ ಹೊರಗಿನ ಕಾಂತಾಯೊಕ್ ನೀರಿನ ವ್ಯವಸ್ಥೆ. ನೆಲದಡಿಯ ನೀರನ್ನು ಅಡ್ಡ ಕಾಲುವೆಗಳ ಮೂಲಕ ಹೊಲಕ್ಕೆ ತರುವ ಈ ಪುಕಿಯೊಗಳ ಉದ್ದಕ್ಕೂ ಕಲ್ಲು ಕಟ್ಟಿದ ಸುರುಳಿಯಾಕಾರದ ಕುಳಿಗಳಿವೆ. ಅವುಗಳಲ್ಲಿ ಇಳಿದು ಕಾಲುವೆಯನ್ನು ಶುಚಿ ಮಾಡಬಹುದು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತೋಟಗಳಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ನೀರು ಹರಿಸಿಕೊಂಡವರಿಗೆ ಈ ಬುದ್ಧಿವಂತಿಕೆ ತಕ್ಷಣ ಅರ್ಥವಾಗುತ್ತದೆ.

ಏಳನೆಯ ಹೆಜ್ಜೆ: ನಾಸ್ಕಾದಿಂದ ತಾಕ್ನಾ

ಇಡೀ ಪ್ರಯಾಣದ ಅತ್ಯಂತ ಸುಂದರ ಹಾಗೂ ಅತ್ಯಂತ ಅಪಾಯದ ರಸ್ತೆ ನಾಸ್ಕಾದಿಂದ ಕಮಾನಾವರೆಗಿನ ಸುಮಾರು 390 ಕಿ.ಮೀ. ಚಾಲಾ, ಅತಿಕೊ, ಒಕೊನ್ಯಾ ಊರುಗಳ ಆಸುಪಾಸಿನಲ್ಲಿ ರಸ್ತೆ ಒಂದು ಬದಿಗೆ ಮರಳಿನ ಕಡಿದಾದ ಗುಡ್ಡ, ಇನ್ನೊಂದು ಬದಿಗೆ ಬಂಡೆಯ ಕೆಳಗೆ ಮೊರೆಯುವ ಕಡಲು ಇಟ್ಟುಕೊಂಡು ತಿರುವಿನ ಮೇಲೆ ತಿರುವು ಹಾಕುತ್ತದೆ. ಹೆಚ್ಚಿನವರು ಇದನ್ನು ರಾತ್ರಿ ಬಸ್ಸಿನಲ್ಲಿ ಮಲಗಿ ಕಳೆಯುತ್ತಾರೆ. ಕೊಠಡಿ ಬಾಡಿಗೆ ಉಳಿಯುತ್ತದೆ ಎಂಬುದು ನಿಜ. ಆದರೂ ಹಗಲಿನ ಬಸ್ಸನ್ನೇ ಹುಡುಕಿರಿ. ನೋಟಕ್ಕಾಗಿಯೂ ಹೌದು, ಚಾಲಕ ಎಚ್ಚರವಾಗಿರುವ ಹೊತ್ತು ಎಂಬುದಕ್ಕಾಗಿಯೂ ಹೌದು.

ಕಮಾನಾದಿಂದ ಹೆದ್ದಾರಿ ಒಳನಾಡಿಗೆ ತಿರುಗುತ್ತದೆ. ಬಹುತೇಕ ಬಸ್ಸುಗಳು 2,300 ಮೀಟರ್ ಎತ್ತರದ ಅರೆಕಿಪಾಗೆ ಹೋಗುತ್ತವೆ. ಬಿಳಿ ಜ್ವಾಲಾಮುಖಿ ಕಲ್ಲಿನ ಆ ನಗರದಲ್ಲಿ ಎರಡು ದಿನ ದಣಿವಾರಿಸಿಕೊಂಡು, ಬಟ್ಟೆ ಒಗೆಸಿಕೊಂಡು, ಆರೇಳು ಗಂಟೆಯ ಬಸ್ಸಿನಲ್ಲಿ ಪೆರುವಿನ ಗಡಿಯ ಊರಾದ ತಾಕ್ನಾಕ್ಕೆ ಇಳಿಯಬಹುದು. ಕರಾವಳಿಯನ್ನು ಬಿಡಲು ಮನಸ್ಸಿಲ್ಲದ, ಹಕ್ಕಿಗಳ ಹುಚ್ಚಿರುವ ಗುಂಪು ಮೊಯೆಂದೊ ಬಳಿಯ ಮೆಹಿಯಾ ಸರೋವರಗಳ ಕಡೆಗೆ ಹೋಗಲಿ. ಬಸ್ಸು ಕಡಿಮೆ, ವಲಸೆ ಹಕ್ಕಿಗಳು ಹೆಚ್ಚು.

ಎಂಟನೆಯ ಹೆಜ್ಜೆ: ಗಡಿ ದಾಟುವುದು

ತಾಕ್ನಾದ ಅಂತರರಾಷ್ಟ್ರೀಯ ನಿಲ್ದಾಣದಿಂದ ಅರಿಕಾಕ್ಕೆ ಕೊಲೆಕ್ಟಿವೊ ಎಂಬ ಹಂಚಿಕೆಯ ಟ್ಯಾಕ್ಸಿಗಳು ಹೋಗುತ್ತವೆ. ಐದು ಪ್ರಯಾಣಿಕರು ತುಂಬಿದೊಡನೆ ಹೊರಡುವ ಇವುಗಳಲ್ಲಿ ನಾಲ್ವರ ಗುಂಪು ಬಹುಬೇಗ ಹೊರಡಬಹುದು, ಬೇಕಾದರೆ ಐದನೆಯ ಸೀಟಿನ ಹಣವನ್ನೂ ತೆತ್ತು. ಚಾಲಕನೇ ನಿಮ್ಮ ಪಾಸ್‌ಪೋರ್ಟುಗಳನ್ನು ಪಡೆದು ಪ್ರಯಾಣಿಕರ ಪಟ್ಟಿ ತಯಾರಿಸುತ್ತಾನೆ. ಸಾಂತಾ ರೋಸಾದಲ್ಲಿ ಪೆರುವಿನಿಂದ ನಿರ್ಗಮನ, ಚಕಯೂತಾದಲ್ಲಿ ಚಿಲಿಗೆ ಪ್ರವೇಶ. ಅಲ್ಲಿ ಕೊಡುವ ಚಿಕ್ಕ ಪ್ರವಾಸಿ ಚೀಟಿಯನ್ನು ಚಿಲಿ ಬಿಡುವವರೆಗೂ ಜೋಪಾನ ಮಾಡಬೇಕು. ಹೋಟೆಲಿನ ತೆರಿಗೆ ವಿನಾಯಿತಿಗೂ ಅದೇ ಬೇಕು. ಗಡಿಯಾಚೆ ಗಡಿಯಾರ ಚಳಿಗಾಲದಲ್ಲಿ ಒಂದು ಗಂಟೆ, ಬೇಸಿಗೆಯಲ್ಲಿ ಎರಡು ಗಂಟೆ ಮುಂದಕ್ಕೆ ಹೋಗುತ್ತದೆ. ಅದೇ ದಿನ ಅರಿಕಾದಿಂದ ಮುಂದಿನ ಬಸ್ ಕಾಯ್ದಿರಿಸಿದವರು ಇದನ್ನು ಮರೆಯಬಾರದು.

ಚಿಲಿಯ ಕೃಷಿ ತಪಾಸಣೆಯಷ್ಟು ಕಟ್ಟುನಿಟ್ಟಾದದ್ದು ಈ ದಾರಿಯಲ್ಲಿ ಬೇರೊಂದಿಲ್ಲ. ಹಣ್ಣು, ತರಕಾರಿ, ಬೀಜ, ಹಾಲಿನ ಪದಾರ್ಥ, ಜೇನು, ಮಾಂಸ ಏನಿದ್ದರೂ ಘೋಷಿಸಬೇಕು. ಘೋಷಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಘೋಷಿಸದೆ ಸಿಕ್ಕಿಬಿದ್ದರೆ ದಂಡ. ನಮ್ಮವರ ಚೀಲದಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ, ತುಪ್ಪದ ಡಬ್ಬಿ ಇರುವುದು ಸಹಜವಾದ್ದರಿಂದ ಪ್ರತಿಯೊಂದನ್ನೂ ಬರೆದು, ಕೇಳಿದಾಗ ತೆರೆದು ತೋರಿಸಿರಿ. ಮನೆಯಲ್ಲಿ ಕಟ್ಟಿದ ಪೊಟ್ಟಣಗಳಿಗಿಂತ ಅಂಗಡಿಯ ಮುದ್ರಿತ ಪೊಟ್ಟಣಗಳು ಪಾರಾಗುವ ಸಂಭವ ಹೆಚ್ಚು. ಅರೆಕಿಪಾದಲ್ಲಿ ಎತ್ತರದ ತಲೆನೋವಿಗೆಂದು ಕೊಂಡ ಕೋಕಾ ಎಲೆಗಳು ಜೇಬಿನಲ್ಲಿ ಉಳಿದಿದ್ದರೆ ಅವನ್ನು ಪೆರುವಿನಲ್ಲೇ ಎಸೆದುಬಿಡಿ. ಉಳಿದ ಸೋಲ್ ನೋಟುಗಳನ್ನು ತಾಕ್ನಾದಲ್ಲೇ ಪೆಸೊಗೆ ಬದಲಿಸಿಕೊಳ್ಳಿರಿ.

ಒಂಬತ್ತನೆಯ ಹೆಜ್ಜೆ: ಅರಿಕಾ, ಇಕೀಕೆ

1903ರ ಅಕ್ಟೋಬರ್‌ನಿಂದ 1918ರ ಜನವರಿವರೆಗೆ 173 ತಿಂಗಳು ಮಳೆ ಬೀಳದ ಅರಿಕಾ, ಅತಿ ದೀರ್ಘ ಒಣ ಅವಧಿಯ ವಿಶ್ವದಾಖಲೆ ಹೊಂದಿದೆ. ಈ ಶುಷ್ಕತೆಯೇ ಚಿಂಚೊರೊ ಜನ ಸುಮಾರು ಏಳು ಸಾವಿರ ವರ್ಷಗಳ ಹಿಂದೆ ಸಂರಕ್ಷಿಸಿಟ್ಟ ಶವಗಳು ಉಳಿಯಲು ನೆರವಾಯಿತು. ಈಜಿಪ್ಟಿನವಕ್ಕಿಂತ ಹಳೆಯವಾದ ಈ ಮಮ್ಮಿಗಳ ನೆಲೆಗಳು 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಹತ್ತಿರದ ಆಸಾಪಾ ಕಣಿವೆಯ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಿರಿ. ಸಂಜೆ ಊರಿನ ನೆತ್ತಿಯ ಮೊರ್ರೊ ಬೆಟ್ಟವನ್ನು ನಡೆದೇ ಹತ್ತಬಹುದು. 1880ರ ಜೂನ್ 7ರಂದು ಚಿಲಿಯ ಸೇನೆ ಪೆರುವಿನಿಂದ ಈ ಬೆಟ್ಟವನ್ನು ವಶಪಡಿಸಿಕೊಂಡಿತು. ನೈಟ್ರೇಟ್ ಗೊಬ್ಬರದ ನಿಕ್ಷೇಪಗಳಿಗಾಗಿ ಆರಂಭವಾದ ಆ ಯುದ್ಧದಿಂದಲೇ ನೀವು ದಾಟಿದ ಗಡಿ ಇಂದಿನ ಜಾಗಕ್ಕೆ ಬಂತು. ತಾಕ್ನಾ ಪೆರುವಿಗೆ ಮರಳಿದ್ದು 1929ರಲ್ಲಿ. ಸ್ಥಳೀಯರೊಡನೆ ಈ ವಿಷಯ ಎತ್ತುವಾಗ ನಾಲಗೆ ಮೇಲೆ ಹಿಡಿತವಿರಲಿ.

ಅರಿಕಾದಿಂದ ಇಕೀಕೆಗೆ ಸುಮಾರು 300 ಕಿ.ಮೀ.; ರಸ್ತೆ ಒಳನಾಡಿನ ಆಳ ಕಣಿವೆಗಳನ್ನು ಇಳಿದು ಹತ್ತಿ, ಕೊನೆಗೆ ಆಲ್ತೊ ಓಸ್ಪಿಸಿಯೊದ ಎತ್ತರದಿಂದ ಒಮ್ಮೆಲೇ ಕಡಲಿನತ್ತ ಬೀಳುತ್ತದೆ. ಇಕೀಕೆಯಿಂದ ಸುಮಾರು 48 ಕಿ.ಮೀ. ಪೂರ್ವಕ್ಕಿರುವ ಹಂಬರ್‌ಸ್ಟೋನ್ ಎಂಬ ಪಾಳುಬಿದ್ದ ನೈಟ್ರೇಟ್ ಗಣಿಯ ಊರು ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದೆ. ರಂಗಮಂದಿರ, ಈಜುಕೊಳ, ಕಾರ್ಮಿಕರ ಸಾಲುಮನೆ ಎಲ್ಲವೂ ಬಿಸಿಲಲ್ಲಿ ಒಣಗುತ್ತ ನಿಂತಿವೆ. ಕಂಪನಿಯ ಅಂಗಡಿಯಲ್ಲಿ ಮಾತ್ರ ನಡೆಯುವ ಬಿಲ್ಲೆಗಳಲ್ಲಿ ಇಲ್ಲಿ ಕೂಲಿ ಕೊಡುತ್ತಿದ್ದರು. ಇಕೀಕೆಯ ಸುಂಕಮುಕ್ತ ವಲಯದಲ್ಲಿ ಸಿಂಧಿ ವ್ಯಾಪಾರಿಗಳ ಅಂಗಡಿಗಳಿದ್ದು, ಅಲ್ಲಿ ಹಿಂದಿ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ.

ಊಟದ ವಿಚಾರ

ಮೀನು ತಿನ್ನುವವರಿಗೆ ಇದು ಸ್ವರ್ಗ; ನಿಂಬೆರಸದಲ್ಲಿ ನೆನೆಸಿದ ಹಸಿ ಮೀನಿನ ಸೆವಿಚೆಯನ್ನು ಮಾತ್ರ ಸ್ಥಳೀಯರಂತೆ ಮಧ್ಯಾಹ್ನದ ಊಟಕ್ಕೆ ತಿನ್ನಿರಿ, ರಾತ್ರಿಗೆ ಬೇಡ. ಸಸ್ಯಾಹಾರಿಗಳು ಮಾಂಸ ಬೇಡ ಎಂದಷ್ಟೇ ಹೇಳಿದರೆ ಕೋಳಿ ಬರುತ್ತದೆ. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ" ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಹೆಸರಿಸಿ ನಿರಾಕರಿಸಬೇಕು. ಇಕಾ ಸೀಮೆಯ ಪಯಾರ್ ಎಂಬ ದೊಡ್ಡ ಅವರೆಯಂಥ ಕಾಳು, ಅನ್ನ ಮತ್ತು ಕಾಳು ಸೇರಿಸಿ ಹುರಿದ ತಾಕು ತಾಕು, ಬೆಣ್ಣೆಹಣ್ಣಿನ ಸ್ಯಾಂಡ್‌ವಿಚ್, ಚೀನೀ ಮೂಲದ ಚೀಫಾ ಹೋಟೆಲುಗಳ ತರಕಾರಿ ಫ್ರೈಡ್ ರೈಸ್ ಇವುಗಳಿಂದ ಪೆರು ಸುಖವಾಗಿ ಸಾಗುತ್ತದೆ. ಚಿಲಿಯಲ್ಲಿ ಬೇಸಿಗೆಯ ಕಾಳು, ಜೋಳ, ಕುಂಬಳದ ಪೊರೊತೊಸ್ ಗ್ರನಾದೊಸ್ ನಮ್ಮ ಬಾಯಿಗೆ ಹತ್ತಿರ. ಕರಿದ ರೊಟ್ಟಿಯಾದ ಸೋಪೈಪಿಯಾ, ಜೋಳದ ಕಡುಬಿನಂಥ ಉಮಿತಾಗಳಲ್ಲಿ ಹಂದಿಕೊಬ್ಬು ಬಳಸಿರಬಹುದಾದ್ದರಿಂದ ಕೇಳಿ ತಿನ್ನಿರಿ. ಪೆರುವಿನಲ್ಲಿ ನಲ್ಲಿ ನೀರು ಕುಡಿಯಬೇಡಿ. ಉತ್ತರ ಚಿಲಿಯ ನೀರಿನಲ್ಲಿ ಲವಣಾಂಶ ಹೆಚ್ಚು, ಬಾಟಲಿ ನೀರೇ ಉತ್ತಮ.

ಕಡಲು ಮತ್ತು ಭೂಕಂಪ

ಬೇಸಿಗೆಯಲ್ಲೂ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ, ಸೆಳೆತವೂ ಬಲವಾಗಿರುತ್ತದೆ. ಚಿಲಿಯ ತೀರಗಳಲ್ಲಿ "ಪ್ಲಾಯಾ ನೊ ಆಪ್ತಾ" ಎಂಬ ಫಲಕವಿದ್ದರೆ ಅಲ್ಲಿ ಈಜು ನಿಷಿದ್ಧ. ಗುಂಪಿನಲ್ಲಿ ಮಲ್ಪೆ, ಗೋಕರ್ಣದ ಅಲೆಗಳಲ್ಲಿ ಪಳಗಿದವರಿದ್ದರೂ ಈ ಫಲಕವನ್ನು ಮೀರಬಾರದು. ಸುನಾಮಿ ತೆರವಿನ ಬಾಣದ ಗುರುತುಗಳು ಪ್ರತಿ ಬೀದಿಯಲ್ಲೂ ಇವೆ. 1868ರಲ್ಲಿ ಅರಿಕಾವನ್ನು ನೆಲಸಮ ಮಾಡಿದ ಅಲೆಗಳ ನೆನಪು, 2014ರ ಏಪ್ರಿಲ್ 1ರಂದು ಇಕೀಕೆಯನ್ನು ನಡುಗಿಸಿದ 8.2 ತೀವ್ರತೆಯ ಭೂಕಂಪದ ಅನುಭವ ಅಲ್ಲಿನವರಿಗಿದೆ. ಹಾಸ್ಟೆಲಿಗೆ ಬಂದ ಕೂಡಲೇ ಸುರಕ್ಷಿತ ಎತ್ತರದ ಜಾಗಕ್ಕೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡಿ, ಚದುರಿಹೋದರೆ ಅಲ್ಲಿಯೇ ಸೇರುವುದೆಂದು ಗೊತ್ತುಮಾಡಿಕೊಳ್ಳಿರಿ. ನಿಲ್ಲಲಾಗದಷ್ಟು ಜೋರಾಗಿ ಅಥವಾ ಬಹಳ ಹೊತ್ತು ನೆಲ ಅಲುಗಿದರೆ ಸೈರನ್‌ಗಾಗಿ ಕಾಯದೆ, ಚೀಲಕ್ಕಾಗಿ ತಿರುಗದೆ, ಕಡಲಮಟ್ಟದಿಂದ 30 ಮೀಟರ್ ಮೇಲಕ್ಕೆ ನಡೆಯಬೇಕು.

ಕೊನೆಯ ಹೆಜ್ಜೆ

ದಿನಗಳು ಉಳಿದಿದ್ದರೆ ಇಕೀಕೆಯಿಂದ ತೊಕೊಪಿಯಾ ಮಾರ್ಗವಾಗಿ ಆಂತೊಫಗಾಸ್ತಾಕ್ಕೆ ಕಡಲಂಚಿನ ಹೆದ್ದಾರಿಯಲ್ಲಿ ಹಗಲು ಬಸ್ ಹಿಡಿಯಿರಿ. ಸುಂಕಮುಕ್ತ ವಲಯದಿಂದ ಹೊರಬರುವ ಕಾರಣ ಲೋವಾ ನದಿಯ ಬಳಿ ಚೀಲಗಳ ತಪಾಸಣೆ ಇರುತ್ತದೆ, ಕೊಂಡ ಸಾಮಾನಿನ ರಸೀದಿ ಕೈಯಲ್ಲಿರಲಿ. ಇಲ್ಲವಾದರೆ ಇಕೀಕೆಯಿಂದಲೇ ಸಾಂತಿಯಾಗೋಗೆ ವಿಮಾನವಿದೆ. ಭಾರತದ ವಿಮಾನಕ್ಕೂ ಅದಕ್ಕೂ ನಡುವೆ ಒಂದು ಪೂರ್ತಿ ದಿನ ಬಿಟ್ಟುಕೊಂಡು, ಆ ದಿನ ಕೈಗಂಟಿನ ಲೆಕ್ಕವನ್ನು ಚುಕ್ತಾ ಮಾಡಿ, ಹಳದಿ ಪುಸ್ತಿಕೆಗಳನ್ನು ಚೀಲದ ತಳದಿಂದ ತೆಗೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿರಿ.